ಸೀರೆ ಹೊದ್ದ ಕರಬೂಜದ ಬಳ್ಳಿ

೧೯೫೪ರ ಮಾರ್ಚ್ ಇಪ್ಪತ್ತೆರಡು, ಸೋಮವಾರ, ಬೆಳಗಿನ ಏಳು ಗಂಟೆ ಹತ್ತು ನಿಮಿಷ. ಗಿರಣಿಯ ಏಳರ ಕೂಗು ನಿಂತು ಸ್ವಲ್ಪ ಹೊತ್ತಾಗಿತ್ತು. ರಾಜಾಜಿನಗರದ ಹೊಸ ಬಡಾವಣೆಯ ತನ್ನ ಮಗನ ಮನೆಯ ಮುಂದೆ ಅಕ್ಕಯ್ಯಮ್ಮ ಕರಬೂಜದ ಬಳ್ಳಿಗೆ ಸೀರೆ ಹೊದಿಸುತ್ತಿದ್ದಳು. ಎರಡು ಹಳೆಯ ಸೀರೆಗಳನ್ನು ಉದ್ದಕ್ಕೆ ಸೇರಿಸಿ ಹೊಲಿದದ್ದು ಅದು. ಮೊಣಕಾಲೆತ್ತರದ ಬಿದಿರು ಗೂಟಗಳ ಮೇಲೆ ಹರಡಿ, ಸುತ್ತಲೂ ಅಂಚಿಗೆ ಕಲ್ಲು ಹೇರಿದರೆ ಒಳಗೆ ಒಂದು ಬೆರಳು ತೂರಿಸುವಷ್ಟೂ ಸಂದಿ ಉಳಿಯುತ್ತಿರಲಿಲ್ಲ.

ಸೀರೆ ಬಿಸಿಲಿಗಲ್ಲ, ಕಣ್ಣಿಗೆ. ತನ್ನೂರು ಮೂಡಲಪಾಳ್ಯದಲ್ಲಿ ಅವಳ ಹಿತ್ತಿಲು ಮನೆಯ ಬೆನ್ನಿಗಿತ್ತು; ಅಲ್ಲಿ ಕುಂಬಳ ಎಷ್ಟು ಬಿಟ್ಟಿದೆ, ಹೀರೆ ಎಷ್ಟು ಇಳಿದಿದೆ ಎಂದು ನೋಡುವವರು ಯಾರೂ ಇರಲಿಲ್ಲ. ಇಲ್ಲಿ ಮಣ್ಣಿದ್ದದ್ದು ಮನೆಯ ಮುಂದೆ. ಏಳೂಕಾಲಾದರೆ ಬೀದಿ ನಲ್ಲಿಗೆ ಕೊಡ ಹಿಡಿದವರು, ಕಾರ್ಖಾನೆಗೆ ಸೈಕಲ್ ತುಳಿಯುವವರು, ಎಲ್ಲರ ಕಣ್ಣೂ ಆ ಬಳ್ಳಿಯ ಮೇಲೆಯೇ. "ಅಯ್ಯೋ, ಎಷ್ಟು ಚೆನ್ನಾಗಿ ಹಬ್ಬಿದೆ ನೋಡಿ!" ಎಂದು ಒಬ್ಬಾಕೆ ಅಂದ ದಿನ ಸಂಜೆಯೇ ಅಕ್ಕಯ್ಯಮ್ಮ ಸೂಜಿ ದಾರ ಹಿಡಿದು ಕೂತಿದ್ದಳು. ಅಂದಿನಿಂದ ಬೆಳಿಗ್ಗೆ ಏಳಕ್ಕೆ ಹೊದಿಸುವುದು, ಸಂಜೆ ಆರಕ್ಕೆ, ಬೀದಿ ಮಂಕಾದ ಮೇಲೆ, ತೆಗೆದು ನೀರು ಹಾಕುವುದು.

ಆದರೂ ಕಾಯಿ ನಿಲ್ಲುತ್ತಿರಲಿಲ್ಲ. ಹೂವಿನ ಹಿಂದೆ ಕಡಲೆಕಾಳಿನಷ್ಟು ಹೀಚು ಕಾಣಿಸುವುದು, ಮೂರು ದಿನಕ್ಕೆ ಹಳದಿಯಾಗುವುದು, ನಾಲ್ಕನೆಯ ದಿನ ಮುಟ್ಟಿದರೆ ಕೈಗೆ ಬರುವುದು. ಆ ಸೋಮವಾರವೂ ಐದು ಬಿದ್ದಿದ್ದವು. ಅವನ್ನು ಆರಿಸಿ ಅಂಗೈಯಲ್ಲಿಟ್ಟುಕೊಂಡು ಅವಳು ಬಹಳ ಹೊತ್ತು ನೋಡಿದಳು. ನೋಡಿದ್ದು ಹೀಚನ್ನೋ ಅಂಗೈಯನ್ನೋ ಅವಳಿಗೇ ತಿಳಿಯಲಿಲ್ಲ.

ಏಕೆಂದರೆ ಆ ಕೈಗೆ ಊರಿನಲ್ಲಿ ಹೆಸರಿತ್ತು. ಅಕ್ಕಯ್ಯಮ್ಮನ ಕೈಗುಣ ಎಂದರೆ ಮೂಡಲಪಾಳ್ಯದಲ್ಲಿ ಎರಡು ಮಾತಿರಲಿಲ್ಲ. ಯಾರದೋ ಮನೆಯ ಸೊಸೆ ತವರಿನಿಂದ ತಂದ ಅವರೆ ಬೀಜವಿರಲಿ, ಯಾರೋ ಕೊಟ್ಟ ಬದನೆಯಿರಲಿ, ಮೊದಲ ಬೀಜವನ್ನು ಅವಳ ಕೈಯಿಂದ ಹಾಕಿಸಿಕೊಂಡು ಹೋಗುತ್ತಿದ್ದರು. ತಮ್ಮ ಮುನಿಯಪ್ಪ ಇಪ್ಪತ್ತಾರು ವರ್ಷದಿಂದ ಅವಳು ಮೊದಲ ಹಿಡಿ ಚೆಲ್ಲದೆ ಹೊಲಕ್ಕೆ ಬೀಜ ಇಳಿಸಿದವನಲ್ಲ. ಗಂಡ ತೀರಿಕೊಂಡು, ಮಗ ಚನ್ನಕೇಶವನಿಗೆ ಕಾರ್ಖಾನೆಯಲ್ಲಿ ಕೆಲಸವಾಗಿ, ಅವಳು ರಾಜಾಜಿನಗರಕ್ಕೆ ಬಂದ ಮೇಲೂ ಭರಣಿ ಮಳೆ ಬಿದ್ದೊಡನೆ ಕರೆ ಬರುತ್ತಿತ್ತು. ಇಲ್ಲಿ ಅವಳನ್ನು "ಚನ್ನಕೇಶವನ ತಾಯಿ" ಎನ್ನುತ್ತಿದ್ದರು. ಅಲ್ಲಿ ಅವಳಿಗಾಗಿ ಎತ್ತು ಕಟ್ಟಿ ಕಾಯುತ್ತಿದ್ದರು.

ಈಗ ಆ ಕೈ ಹೋಯಿತೇ? ಕೇಳುವುದಾದರೂ ಯಾರನ್ನು?

ಅವಳು ಮೊದಲು ನೀರನ್ನು ಅನುಮಾನಿಸಿದಳು. ದಿನ ಬಿಟ್ಟು ದಿನ ಹಾಕಿದಳು. ಆಮೇಲೆ ಒಲೆಯ ಬೂದಿ ಎರಚಿದಳು. ಸಗಣಿ ನೀರು, ಬೇವಿನ ಹಿಂಡಿ, ಗೂಟಕ್ಕೊಂದು ಹಳೆಯ ಚಪ್ಪಲಿ. ಒಂದೊಂದಕ್ಕೂ ಎಂಟು ದಿನದ ಗಡುವು ಕೊಡಬೇಕೆಂದಿದ್ದವಳು ತಾಳಲಾರದೆ ಎಲ್ಲವನ್ನೂ ಒಟ್ಟಿಗೆ ಮಾಡಿದಳು. ಹಾಗಾಗಿ ಯಾವುದು ಆಗಿಬಂತು, ಯಾವುದು ಆಗಲಿಲ್ಲ ಎನ್ನುವ ಲೆಕ್ಕವೂ ಕೈತಪ್ಪಿತು.

"ಅತ್ತೆ, ಪೇಟೆ ಹಣ್ಣಿನ ಬೀಜ ಅದು. ಅದಕ್ಕೇ ಬರಡು," ಎಂದಳು ಸೊಸೆ ಅಂಜಮ್ಮ.

"ಬರಡಾದ್ರೆ ಹೀಚ್ ಯಾಕೆ ಬಿಡ್ತದೆ?"

"ಹಂಗಾರೆ ಕಣ್ಣೇ ಇರ್ಬೇಕು."

"ಕಣ್ ಬೀಳೋಕೆ ಜಾಗ ಎಲ್ಲೇ ಬಿಟ್ಟಿದೀನಿ? ಗಾಳಿಗೂ ಬಿಟ್ಟಿಲ್ಲ!"

ಅಂಜಮ್ಮ ಕೊಡ ಎತ್ತಿಕೊಂಡು ನಲ್ಲಿಗೆ ಹೋದಳು.

ಯುಗಾದಿ ಕಳೆದು ಒಂದು ವಾರಕ್ಕೆ ಇನ್ನೊಂದು ಸಂಗತಿಯಾಯಿತು. ಎರಡು ಮನೆಗಳ ನಡುವೆ ಇದ್ದದ್ದು ನಿಲ್ಲಿಸಿದ ಚಪ್ಪಡಿ ಕಲ್ಲುಗಳ ಬೇಲಿ. ಎರಡು ಕಲ್ಲುಗಳ ಸಂದಿಯಿಂದ ಬಳ್ಳಿಯ ಒಂದು ಕವಲು ನುಸುಳಿ ಪಕ್ಕದ ಮನೆಯ ಸೌದೆ ರಾಶಿಯ ಮೇಲೆ ಹತ್ತಿತ್ತು. ಸಂಜೆ ಸೀರೆ ಮಡಿಸುತ್ತಿದ್ದಾಗ ಅಕ್ಕಯ್ಯಮ್ಮ ಬೇಲಿಯ ಮೇಲಿಂದ ಬಗ್ಗಿ ನೋಡಿದಳು. ಸೌದೆಯ ಮೇಲೆ ತೆಂಗಿನಕಾಯಿ ಗಾತ್ರದವು ಎರಡು, ನಿಂಬೆ ಗಾತ್ರದ್ದು ಒಂದು, ಒಟ್ಟು ಮೂರು ಕಾಯಿ ಕೂತಿದ್ದವು. ಅದೇ ಬೇರು, ಅದೇ ನೀರು. ಅವಳ ಕಡೆ ಒಂದೂ ಇಲ್ಲ.

ಬೆಳಗಾಗುವಷ್ಟರಲ್ಲಿ ಅವಳಿಗೆ ಒಂದು ಉತ್ತರ ಸಿಕ್ಕಿತ್ತು: ಪಕ್ಕದ ಮನೆಯ ಸಿದ್ಧಲಿಂಗಮ್ಮನ ಕೈಗುಣ.

ಮುನಿಯಪ್ಪ ಬಂದದ್ದು ಏಪ್ರಿಲ್ ಹದಿನೆಂಟರ ಭಾನುವಾರ, ಮಾಗಡಿ ರಸ್ತೆ ದಾಟಿ ನಡೆದು. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದ.

"ಅಕ್ಕ, ಭರಣಿ ಇನ್ನೇನ್ ಬಂತು. ಎಳ್ಳು ಹಾಕ್ಬೇಕು. ಹೇಳಿ ಕಳಿಸ್ತೀನಿ, ಬಂದ್ಬುಡು."

"ನಾನ್ ಬರಾಕಿಲ್ಲ ಕಣಪ್ಪ."

"ಯಾಕೆ? ಮಂಡಿ ನೋವಾ? ಗಾಡಿ ಕಳಿಸ್ತೀನಿ."

"ಮಂಡಿ ಚೆನ್ನಾಗೈತೆ. ಕೈ ಹೋಗೈತೆ." ಅವಳು ಬಳ್ಳಿಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಒಂದೂ ನಿಲ್ಲಿಲ್ಲ. ಈ ಕೈಲಿ ಚೆಲ್ಲಿ ನಿನ್ ಹೊಲ ಹಾಳಾದ್ರೆ? ಪಕ್ಕದ್ಮನೆ ಸಿದ್ಧಲಿಂಗಮ್ಮೋರ್ನ ಕರ್ಕೊಂಡೋಗು."

ಮುನಿಯಪ್ಪ ಮಜ್ಜಿಗೆ ಲೋಟ ಕೆಳಗಿಟ್ಟ. "ಅಂಚೆ ಕಛೇರಿಯೋರ ಹೆಂಡ್ರನ್ನ? ಅವ್ರು ಹೊಲ ನೋಡವ್ರಾ?"

ಅಕ್ಕಯ್ಯಮ್ಮ ತಡಮಾಡಲಿಲ್ಲ. ಬೇಲಿಯ ಹತ್ತಿರ ಹೋಗಿ ಕೂಗಿದಳು. ಸಿದ್ಧಲಿಂಗಮ್ಮ ಹಿಟ್ಟಿನ ಕೈಯಲ್ಲೇ ಬಂದಳು. ವಿಷಯ ಕೇಳಿ ಮೊದಲು ನಕ್ಕಳು, ಆಮೇಲೆ ಕಣ್ಣು ಕಣ್ಣು ಬಿಟ್ಟಳು.

"ನನ್ನ ಕೈಗುಣವೇ? ಅಕ್ಕಯ್ಯಮ್ಮೋರೆ, ನಾನು ಕೊತ್ತಂಬರಿ ಹಾಕಿದರೂ ಮೊಳೆಯಲ್ಲ ಅಂತ ನಮ್ಮ ಯಜಮಾನರು ಊರೆಲ್ಲಾ ಸಾರ್ತಾರೆ. ಆ ಬಳ್ಳಿಗೆ ನಾನು ಒಂದು ತಂಬಿಗೆ ನೀರೂ ಹಾಕಿಲ್ಲ. ನಿಜ ಹೇಳ್ಬೇಕಂದ್ರೆ ಅದನ್ನ ಕಿತ್ತುಬಿಡಿ ಅಂತ ಕೇಳೋಣ ಅಂತಿದ್ದೆ. ಬೆಳಿಗ್ಗೆ ಸೌದೆ ತೆಗೆಯೋಕೆ ಬಿಡಲ್ಲ, ಜೇನುಹುಳ! ಮೊನ್ನೆ ಕಿವಿಗೇ ಕಚ್ಚಿತು."

"ಯಾವ್ ಹೊತ್ನಲ್ಲಿ?"

"ಎಂಟು ಗಂಟೆಯಿಂದ ಗುಂಯ್ ಅಂತಿರ್ತವೆ. ಹನ್ನೆರಡಾಯ್ತು ಅಂದ್ರೆ ಒಂದೂ ಇರಲ್ಲ. ಹೂ ಮುಚ್ಕೊಂಡ ಮೇಲೆ ಅವಕ್ಕೇನು ಕೆಲಸ?"

ಅಕ್ಕಯ್ಯಮ್ಮ ತಿರುಗಿ ತನ್ನ ಸೀರೆಯನ್ನು ನೋಡಿದಳು. ಕಲ್ಲು ಹೇರಿದ ಅಂಚನ್ನು ನೋಡಿದಳು. ಈ ಬಳ್ಳಿಯ ಮೇಲೆ ಜೇನುಹುಳ ಕೂತದ್ದನ್ನು ತಾನು ಒಮ್ಮೆಯೂ ಕಂಡಿರಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ಆಗ. ಕರಬೂಜದ ಹೂ ಬೆಳಿಗ್ಗೆ ಅರಳುತ್ತದೆ, ಮಧ್ಯಾಹ್ನಕ್ಕೆ ಬಾಡುತ್ತದೆ. ಅದರ ಆಯುಷ್ಯ ಒಂದೇ ಹಗಲು. ಆ ಹಗಲಿನಲ್ಲಿ ಹುಳವೊಂದು ಹೂವಿಂದ ಹೂವಿಗೆ ಪರಾಗ ಹೊತ್ತು ತರದಿದ್ದರೆ ಹೀಚು ಉದುರುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಸಂದರ್ಭವೂ ಬಂದಿರಲಿಲ್ಲ. ಊರಿನ ಕುಂಬಳಕ್ಕೆ ಅವಳು ಸೀರೆ ಹೊದಿಸಿದವಳೇ ಅಲ್ಲ.

"ಬರ್ತೀಯೋ ಇಲ್ವೋ ಹೇಳ್ಬುಡಕ್ಕ," ಎಂದ ಮುನಿಯಪ್ಪ.

"ಹತ್ತು ದಿನ ತಡಿ."

ಮರುದಿನ ಅವಳು ಹೊಲಿಗೆ ಬಿಚ್ಚಿದಳು. ಒಂದೇ ಸೀರೆಯನ್ನು ಬಳ್ಳಿಯ ಅರ್ಧಕ್ಕೆ ಹೊದಿಸಿ ಉಳಿದರ್ಧವನ್ನು ಬಯಲಿಗೆ ಬಿಟ್ಟಳು. ಈ ಸಲ ನೀರು, ಗೊಬ್ಬರ ಯಾವುದನ್ನೂ ಬದಲಿಸಲಿಲ್ಲ. ಬೀದಿಯವರು ನೋಡಿದರು. ಒಬ್ಬಾಕೆ "ಎಷ್ಟು ಹೂ!" ಎಂದೂ ಅಂದಳು, ಅಕ್ಕಯ್ಯಮ್ಮ ಹಲ್ಲು ಕಚ್ಚಿಕೊಂಡು ಒಳಗೆ ಹೋದಳು. ಹತ್ತನೆಯ ದಿನ ಬಯಲಿನ ಅರ್ಧದಲ್ಲಿ ನಾಲ್ಕು ಕಾಯಿ ನಿಂತಿದ್ದವು. ಸೀರೆಯ ಕೆಳಗೆ ಏಳು ಹಳದಿ ಹೀಚು ಬಿದ್ದಿದ್ದವು.

ಚನ್ನಕೇಶವ ಸಂಭ್ರಮಪಟ್ಟ. "ನೋಡ್ದಾ ಅಮ್ಮ, ನಿನ್ ಕೈಗೇನೂ ಆಗಿಲ್ಲ!"

ಅವಳು ಹೂಂ ಎಂದಳು. ಆದರೆ ಅವಳ ಗೊಂದಲ ಕಡಿಮೆಯಾಗಿರಲಿಲ್ಲ, ಜಾಗ ಬದಲಿಸಿತ್ತು, ಅಷ್ಟೆ. ಮೊದಲು, ಇದ್ದ ಕೈಗುಣ ಹೋಯಿತೇ ಎಂದು ಚಿಂತೆ. ಈಗ, ಅದು ಯಾವಾಗಲಾದರೂ ಇತ್ತೇ ಎಂದು. ಇಪ್ಪತ್ತಾರು ವರ್ಷ ಹೊಲದಲ್ಲಿ, ಹಿತ್ತಿಲಲ್ಲಿ ಕೆಲಸ ಮಾಡಿದ್ದು ಆ ಹುಳಗಳೇ ಆದರೆ, ಬೀಜ ಹಾಕಿದ್ದಕ್ಕೆಂದು ಊರವರು ತನಗೆ ಕೊಟ್ಟ ಎಲೆ ಅಡಿಕೆ ನಿಜಕ್ಕೂ ಯಾರಿಗೆ ಸಲ್ಲಬೇಕಾದದ್ದು?

ಭರಣಿ ಮಳೆ ಮೇ ಮೂರರ ಸಂಜೆ ಬಿತ್ತು. ಐದನೆಯ ತಾರೀಖು ಗಾಡಿ ಬಂತು. ಅವಳು ಹತ್ತಿ ಕೂತಳು, ಬೀಜ ಚೆಲ್ಲುವ ಮನಸ್ಸಿನಿಂದಲೋ ಆಗದೆಂದು ಹೇಳಿಬಿಡುವ ಮನಸ್ಸಿನಿಂದಲೋ ತಿಳಿಯದೆ. ಹೊಲದ ಬದುವಿನ ಮೇಲೆ ನಿಂತು ತಮ್ಮನಿಗೆ ಸೀರೆ, ಹುಳ, ಹೀಚು ಎಲ್ಲವನ್ನೂ ಬಿಡಿಸಿ ಹೇಳಿದಳು. ಎಳ್ಳು ತುಂಬಿದ ಮೊರ ಹಿಡಿದು ಮುನಿಯಪ್ಪ ತಲೆ ಕೆರೆದುಕೊಂಡ.

"ಅಲ್ಲಕ್ಕಾ, ಹಂಗಂತ ಜೇನುಹುಳಕ್ಕೆ ಗಾಡಿ ಕಳಿಸಕಾಯ್ತದಾ?"

ಎತ್ತಿನ ಹಿಂದೆ ನಿಂತಿದ್ದವರು ನಕ್ಕರು. ಅಕ್ಕಯ್ಯಮ್ಮನಿಗೂ ನಗು ಬಂತು, ಆದರೆ ಅವಳು ಕೈ ಚಾಚಲಿಲ್ಲ.

"ತಮಾಷೆ ಬ್ಯಾಡ ಕಣೋ. ತಿಳೀದೆ ನಾನ್ ಬೀಜ ಮುಟ್ಟಾಕಿಲ್ಲ."

"ಸರಿ, ನೀನೇ ಹೇಳು," ಎಂದ ಮುನಿಯಪ್ಪ, ಈಗ ನಗದೆ. "ಹದಿನಾರಾಣೆ ಬೆಳೆ ಬಂತು ಅಂತಿಟ್ಕೋ. ಅದ್ರಲ್ಲಿ ನಿನ್ ಕೈದೆಷ್ಟು?"

ಅವಳು ಯೋಚಿಸಿದಳು. ಮಳೆ ತನ್ನದಲ್ಲ. ಮಣ್ಣು ತನ್ನದಲ್ಲ. ಹುಳಗಳ ಪಾಲು ಕಣ್ಣಾರೆ ಕಂಡದ್ದಾಯಿತು. ಉತ್ತವನು ತಮ್ಮ. ಆದರೂ ಯಾವ ಬೀಜ ಜೊಳ್ಳು, ಯಾವುದು ಗಟ್ಟಿ ಎಂದು ಬೂದಿಯಲ್ಲಿ ಬೆರೆಸುವ ಮುನ್ನ ಆರಿಸಿ ಇಟ್ಟವರು ಯಾರು? ಎಷ್ಟು ಆಳ, ಎಷ್ಟು ಒತ್ತಾಗಿ ಎಂದು ಹೇಳಿದವರು ಯಾರು? ಆಮೇಲೆ ಮೊರಕ್ಕೆ ಕೈ ಹಾಕಿ, ಮುಷ್ಟಿ ತುಂಬ ಎಳ್ಳು ತೆಗೆದು, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು:

"ನಾಲ್ಕಾಣೆ."