‘ಯೆಸ್ ಸರ್’ ಮತ್ತು ನನ್ನ ಲಿವರ್

ಹೋದ ವಾರ ಈ ಅಂಕಣ ಬರಲಿಲ್ಲ. ಯಾರೂ ಫೋನ್ ಮಾಡಿ ಕೇಳಲೂ ಇಲ್ಲ, ಇರಲಿ. ನಾನು ಕಾಮಣಿ, ಅಂದರೆ ಜಾಂಡೀಸ್ ಆಗಿ, ಕಲಬುರಗಿಯ ಒಂದು ಟೀಚಿಂಗ್ ಆಸ್ಪತ್ರೆಯಲ್ಲಿ ಹಳದಿ ಮುಖ ಮಾಡಿಕೊಂಡು ಮಲಗಿದ್ದೆ.

ಲಿವರ್ ದೊಡ್ಡದಾಗಿದೆಯಂತೆ. ಮನೆಯವರಿಗೆ ಗಾಬರಿ, ಡಾಕ್ಟರರಿಗೆ ಖುಷಿ. ‘ಗುಡ್ ಕೇಸ್’ ಅಂದರು. (ನನಗೆ ಯಾರಾದರೂ ‘ಗುಡ್’ ಅಂದು ವರ್ಷಗಳೇ ಆಗಿದ್ದವು.)

ದಿನಾ ಬೆಳಿಗ್ಗೆ ರೌಂಡ್ಸ್. ಮುಂದೆ ಪ್ರೊಫೆಸರ್, ಹಿಂದೆ ಟ್ರೇನಿಗಳ ಹಿಂಡು. ಪ್ರೊಫೆಸರ್ ನನ್ನ ಹೊಟ್ಟೆ ಮುಟ್ಟಿ, ಇಂಗ್ಲಿಷಿನಲ್ಲಿ ಉದ್ದಕ್ಕೆ ಮಾತಾಡಿ, ಒಂದು ಪ್ರಶ್ನೆ ಕೇಳಿ, ಉತ್ತರ ಬಾರದವರನ್ನು ಬೈದು, ಕೊನೆಗೆ ‘ಕ್ಲಿಯರ್?’ ಅನ್ನುತ್ತಿದ್ದರು. ಎಲ್ಲರೂ ಒಟ್ಟಿಗೆ ‘ಯೆಸ್ ಸರ್’. ಮುಗಿಯಿತು, ಮುಂದಿನ ಬೆಡ್.

ಶುಕ್ರವಾರ ಮಧ್ಯಾಹ್ನ ಅದೇ ಹಿಂಡಿನ ಹೌಸ್ ಸರ್ಜನ್ ಸುಜಾತಾ ರಕ್ತ ತೆಗೆಯಲು ಬಂದಳು. ಇಲ್ಲೇ ಊರೊಳಗಿನ ಗಾಜಿಪುರದ ಹುಡುಗಿ. ಸಿರಿಂಜ್ ಬದಿಗಿಟ್ಟು, ನಿಮ್ಮ ಹೊಟ್ಟೆ ಒಮ್ಮೆ ನೋಡಲೇ ಅಂತ ಮೆಲ್ಲಗೆ ಕೇಳಿದಳು. ಎಲ್ಲೆಲ್ಲೋ ಒತ್ತಿದಳು. ಮುಖ ಸಣ್ಣದಾಯಿತು.

“ನನಗ ಒಮ್ಮೆನೂ ಲಿವರ್ ಕೈಗಿ ಸಿಕ್ಕಿಲ್ಲ ಕಾಕಾ. ಸೋಮವಾರದಿಂದ ಕಮಲಾಪುರದ ದವಾಖಾನ್ಯಾಗ ಒಬ್ಬಾಕಿನೇ ಡ್ಯೂಟಿ. ಅಲ್ಲಿ ಯಾರಿಗಿ ಕೇಳ್ಲಿ?”

ಸರ್ ಕಲಿಸಲಿಲ್ಲವೇ ಅಂದೆ. ಸರ್ ಕೇಳುತ್ತಾರೆ, ಬೈಯುತ್ತಾರೆ, ಕಲಿಸುವುದಿಲ್ಲ ಅಂದಳು. ಹಾಗಾದರೆ ‘ಯೆಸ್ ಸರ್’ ಯಾಕೆ? ‘ನೋ ಸರ್’ ಅಂದವನ ಗತಿ ಏನಾಯಿತೆಂದು ಅವಳು ನೋಡಿದ್ದಳಂತೆ.

ಸಂಜೆ ಪ್ರೊಫೆಸರ್ ಒಬ್ಬರೇ ಬಂದರು. ಅಂಕಣಕಾರನ ಬಾಯಿ ಸುಮ್ಮನಿರುತ್ತದೆಯೇ? ಈಗಿನ ಹುಡುಗರು ಹೇಗೆ ಸರ್ ಅಂತ ಕೆದಕಿದೆ. ಗಂಟಲು ಹರಿಯುವಂತೆ ಕಲಿಸುತ್ತೇನೆ, ಒಬ್ಬರೂ ಒಂದು ಡೌಟ್ ಕೇಳುವುದಿಲ್ಲ, ಕಲಿಯುವ ಮನಸ್ಸೇ ಇಲ್ಲ ಅಂದರು. ನಿಜವಾಗಿಯೂ ನೊಂದಿದ್ದರು ನೋಡ್ರಿ. (ಇಬ್ಬರೂ ಹೇಳಿದ್ದು ಒಂದೇ ಕ್ಲಾಸಿನ ಬಗ್ಗೆ. ನಾನು ಆ ಕ್ಲಾಸಿನ ಬೋರ್ಡು.)

ಶನಿವಾರ ಮತ್ತೆ ‘ಕ್ಲಿಯರ್?’ ಮತ್ತೆ ‘ಯೆಸ್ ಸರ್.’ ಸುಜಾತಾಳ ದನಿಯೂ ಅದರಲ್ಲಿತ್ತು. ನನಗೆ ಸಿಟ್ಟೇ ಬಂತು. ನಾಡಿದ್ದು ಕಮಲಾಪುರದಲ್ಲಿ ಈಕೆ ಯಾರದೋ ಹೊಟ್ಟೆ ಮುಟ್ಟಿ ಏನೂ ಇಲ್ಲ ಅಂದುಬಿಟ್ಟರೆ?

“ನನಗ ಕ್ಲಿಯರ್ ಆಗಿಲ್ರಿ ಸರ್,” ಅಂದೆ. “ಈ ಡಾಕ್ಟರವ್ವನ ಕೈ ಹಿಡದು ನನ್ನ ಲಿವರ್ ಎಲ್ಲಿ ಅದ ಅಂತ ತೋರಸ್ರಿ.”

ಸುಜಾತಾ ನನ್ನನ್ನು ನುಂಗುವಂತೆ ನೋಡಿದಳು. ಪ್ರೊಫೆಸರರ ಮುಖ ಕೆಂಪಾಯಿತು. ಆಮೇಲೆ ಏನನ್ನಿಸಿತೋ, ಅವಳ ಕೈಯನ್ನು ನನ್ನ ಹೊಟ್ಟೆಯ ಬಲಗಡೆ ಇಡಿಸಿ, ಅದರ ಮೇಲೆ ತಮ್ಮ ಕೈ ಇಟ್ಟರು. ಉಸಿರು ಎಳೆದುಕೊಳ್ಳಿ ಅಂದರು. ಎಳೆದೆ.

“ಸಿಕ್ತರಿ ಸರ್,” ಅಂದಳು ಸುಜಾತಾ. ಅವಳ ಕಣ್ಣು ತುಂಬಿದ್ದವು.

ಉಳಿದವರೂ ಸಾಲು ಹಚ್ಚಿದರು. ಹೊಟ್ಟೆ ಹಣ್ಣಾಯಿತು, ಆದರೂ ಖುಷಿಯಾಯಿತು.

ಸೋಮವಾರ ಸುಜಾತಾ ಕಮಲಾಪುರಕ್ಕೆ, ನಾನು ಶಹಾಬಜಾರದ ಮನೆಗೆ. ಡಿಸ್ಚಾರ್ಜ್ ಆಗಿ ಬಾಗಿಲು ದಾಟುತ್ತಿದ್ದಾಗ ಹಿಂದಿನಿಂದ ಪ್ರೊಫೆಸರರ ‘ಕ್ಲಿಯರ್?’ ಕೇಳಿಸಿತು. ಹೊಸ ಬ್ಯಾಚ್ ಒಟ್ಟಿಗೆ ‘ಯೆಸ್ ಸರ್’ ಅಂದಿತು.

ಇವರಿಗೂ ಲಿವರ್ ಸಿಗಬೇಕಾದರೆ ಮತ್ತೆ ನನಗೇ ಕಾಮಣಿ ಆಗಬೇಕೇ?