ಎದುರಿನವಳ ‘ಹೂಂ’

ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂದು ಕಟ್ಟುಪಾಡಿದೆ. ಯಾವ ಬೋರ್ಡಿನ ಮೇಲೂ ಬರೆದಿಲ್ಲ, ಯಾರೂ ಮುರಿಯುವುದೂ ಇಲ್ಲ. ಮಷೀನಿನಿಂದ ಹೊರಬಂದ ಒದ್ದೆ ಹಾಸುಬಟ್ಟೆಗಳ ಗಂಟನ್ನು ಇಬ್ಬರು ಸೇರಿ ಎತ್ತಬೇಕು. ಎತ್ತುವ ಮೊದಲು ಒಬ್ಬಳು ‘ಹೂಂ?’ ಅನ್ನಬೇಕು, ಎದುರಿನವಳು ‘ಹೂಂ’ ಅನ್ನಬೇಕು. ಉತ್ತರ ಬರುವ ಮೊದಲೇ ಎತ್ತಿದರೆ ಇಬ್ಬರಲ್ಲಿ ಒಬ್ಬಳ ಸೊಂಟ ಹೋಯಿತೆಂದೇ ತಿಳಿಯಿರಿ. ಅಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿದ್ದವಳನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಮೈಕಟ್ಟೂ ಹಾಗೇ ಇತ್ತು. ಅವಳ ಜೋಡಿ ದೊಡ್ಡಕ್ಕ, ಹೆಸರಿಗೆ ತಕ್ಕ ಆಳು. ಇಬ್ಬರೂ ಜಗಳವಾಡಿ ಮಾತು ಬಿಟ್ಟ ದಿನಗಳುಂಟು, ‘ಹೂಂ’ ಬಿಟ್ಟ ದಿನವಿಲ್ಲ.

ಕಡ್ಡಿಯ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಪಾರ್ಶ್ವವಾಯು ಹೊಡೆದು ಬಲಗಡೆ ಕೈಕಾಲು ಬಿದ್ದುಹೋಗಿತ್ತು, ಮಾತೂ ಮುಕ್ಕಾಲುಪಾಲು ಹೋಗಿತ್ತು. ಸೊಸೆ ಬಾಗಿಲು ಹಾಕಿದ ಸದ್ದಿನಲ್ಲೂ ತಪ್ಪು ಹುಡುಕುತ್ತಿದ್ದವರು ಈಗ ನೀರು ಬೇಕಾದರೆ ಎಡಗೈಯಿಂದ ಲೋಟವನ್ನು ಗೋಡೆಗೆ ಬಡಿಯಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಸೊಸೆಯ ಕಾಲ ಇಂಥದ್ದಾಗಿದ್ದರೆ ಅದು ಯಾರಿಗೆ ಬೇಕು? ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿ ನೋಡುವುದೊಂದೇ ಆ ಮುದುಕಿಗೆ ಉಳಿದಿದ್ದ ಸುಖ.

ಒಂದು ಮಧ್ಯಾಹ್ನ, ಹಾಸಿಗೆಯಿಂದ ಕುರ್ಚಿಗೆ ಕೂರಿಸುವಾಗ, ಅತ್ತೆ ಸೊಸೆಯ ಕೈಯಿಂದ ಜಾರಿ ನೆಲಕ್ಕೆ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಮುರಿದದ್ದು ನಂಬಿಕೆ. ಅಂದಿನಿಂದ ಸೊಸೆಯ ಕೈ ತಾಗಿದರೆ ಸಾಕು, ಅತ್ತೆ ಮೈ ಮರಗಟ್ಟಿಸಿ, ಕಣ್ಣು ಮುಚ್ಚಿ, “ಬೇಡ” ಅನ್ನುತ್ತಿದ್ದರು. ಅವರ ಬಾಯಲ್ಲಿ ಸ್ಪಷ್ಟವಾಗಿ ಉಳಿದಿದ್ದ ಮಾತು ಅದೊಂದೇ. ಬಸ್ ಓಡಿಸುವ ಮಗನೇ ಬೆಳಿಗ್ಗೆ ಸಂಜೆ ಎತ್ತಿ ಕೂರಿಸಬೇಕಾಯಿತು.

ಅಷ್ಟರಲ್ಲಿ ಅವನಿಗೆ ಮೂರು ತಿಂಗಳಾದ ಮೇಲೆ ದೂರದ ರೂಟು ಎಂದು ಆರ್ಡರ್ ಬಂತು. ಇನ್ನು ಮನೆಗೆ ಬರುವುದು ವಾರಕ್ಕೊಮ್ಮೆ. ಸುದ್ದಿ ಕೇಳಿ ನಾದಿನಿ ಓಡಿಬಂದಳು.

“ನಿಮ್ಮ ಕೈಲಿ ಆಗಲ್ಲ ಅತ್ತಿಗೆ. ತಪ್ಪು ತಿಳ್ಕೋಬೇಡಿ. ಅಮ್ಮನ್ನ ವೃದ್ಧಾಶ್ರಮಕ್ಕೆ ಸೇರಿಸೋಣ, ಅಲ್ಲಿ ನೋಡ್ಕೊಳ್ಳೋಕೆ ಜನ ಇರ್ತಾರೆ.”

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣೀರು ಹಾಕಿದರು. “ನಿಮ್ಮಣ್ಣ ಹೊರಡೋವರೆಗೂ ತಾಳಿ,” ಎಂದಳು ಕಡ್ಡಿ. ಇಪ್ಪತ್ತು ವರ್ಷ ಬೈಸಿಕೊಂಡವಳಿಗೆ ಯಾಕೆ ಈ ಹಟ ಎಂದು ಕೇಳಬೇಡಿ. ಬೈಯುವವರೂ ಮನೆಯವರೇ.

ಅದೇ ಹೊತ್ತಿಗೆ ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ, ಬೆನ್ನುನೋವೆಂದು ಬರುವ ಕೆಲಸದ ಹೆಂಗಸರಿಗೆ ಮುಲಾಮು ಬರೆದುಕೊಟ್ಟು ಬೇಸತ್ತು, ಹಳೆಯ ಉಗ್ರಾಣದಲ್ಲಿ ಒಂದು ಕಬ್ಬಿಣದ ಸರಳು, ನಾಲ್ಕಾರು ತೂಕದ ಬಿಲ್ಲೆ ತಂದಿಟ್ಟು, ಶಿಫ್ಟ್ ಮುಗಿದ ಮೇಲೆ ಭಾರ ಎತ್ತುವುದನ್ನು ಕಲಿಸುತ್ತೇನೆ ಬನ್ನಿ ಎಂದರು. ಎಂಟು ಜನ ಹೋದರು. ಬಾಯ್ಲರಿನವನು ಬಾಗಿಲಲ್ಲಿ ನಿಂತು ಹಲ್ಲು ಕಿರಿದ.

“ಕಡ್ಡೀನ ಗುಡ್ಡ ಮಾಡೋಕೆ ಹೊರಟ್ರಾ?”

“ಆಗ್ಲಿ ತಾಳು, ಮೊದಲು ನಿನ್ನನ್ನೇ ಎತ್ತಿ ಆಚೆ ಇಡ್ತಾಳೆ,” ಎಂದಳು ದೊಡ್ಡಕ್ಕ. ಮಂಡಿನೋವಿನ ದೊಡ್ಡಕ್ಕ ಬಂದದ್ದು ಬೆಂಚಿನ ಮೇಲೆ ಕೂರುವುದಕ್ಕೆ.

“ಮೇಡಂ, ಐವತ್ತು ಕೆಜಿ ಎತ್ತೋಕೆ ಎಷ್ಟು ದಿನ ಬೇಕು?” ಎಂದು ಕೇಳಿದಳು ಕಡ್ಡಿ.

“ಐವತ್ತೇ ಯಾಕೆ?”

“ನಮ್ಮತ್ತೆ ಅಷ್ಟು ತೂಗ್ತಾರೆ.”

ಯಾರೂ ನಗಲಿಲ್ಲ.

ನಗು ಬಂದದ್ದು ಆಮೇಲೆ. ಮೇಡಂ ಹೇಳಿದಂತೆ ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗೆ ಮಾಡಿ, ಸರಳು ಹಿಡಿದ ಕಡ್ಡಿ ಅಲ್ಲೇ ನಿಂತುಬಿಟ್ಟಳು. ಎತ್ತಲೂ ಇಲ್ಲ, ಬಿಡಲೂ ಇಲ್ಲ.

“ಏನಾಯ್ತಮ್ಮಾ?” ಎಂದರು ಮೇಡಂ.

ಲಾಂಡ್ರಿಯವರಿಗೆ ತಕ್ಷಣ ಗೊತ್ತಾಯಿತು. ಅವಳು ಒಳಗೊಳಗೇ ‘ಹೂಂ?’ ಅಂದು ಉತ್ತರಕ್ಕೆ ಕಾಯುತ್ತಿದ್ದಳು. ದೊಡ್ಡಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಬೆಂಚಿನಿಂದಲೇ “ಹೂಂ” ಎಂದಳು. ಸರಳು ಮೇಲೆ ಬಂತು. ಅಂದಿನಿಂದ ಆ ಕೋಣೆಯಲ್ಲಿ ಯಾರು ಎತ್ತಿದರೂ ಉಳಿದವರು ‘ಹೂಂ’ ಅನ್ನುವುದು ರೂಢಿಯಾಯಿತು. ಇದೇನು ಮಕ್ಕಳಾಟ ಎಂದು ರೇಗಿದ ಮೇಡಂ ಎರಡೇ ವಾರದಲ್ಲಿ ಎಲ್ಲರಿಗಿಂತ ಜೋರಾಗಿ ಅನ್ನತೊಡಗಿದರು.

ಎರಡು ತಿಂಗಳಿಗೆ ಕಡ್ಡಿ ನಲವತ್ತು ಎತ್ತಿದಳು. ಆ ಧೈರ್ಯದ ಮೇಲೆ ಮನೆಯಲ್ಲಿ ಅತ್ತೆಯ ಕಂಕುಳಿಗೆ ಕೈ ಹಾಕಿದಳು. ಅತ್ತೆ ಮತ್ತೆ ಮೈ ಬಿಗಿದು, “ಬೇಡ” ಎಂದರು. ಮರುದಿನ ಕಡ್ಡಿ ಸರಳಿನ ಮುಂದೆ ಕೂತು ಅತ್ತಳು.

“ಒಂದಿನ ಎತ್ತೋವಾಗ ಅತ್ತೇನ ಬೀಳಿಸಿಬಿಟ್ಟೆ. ಇನ್ನು ಬೆಟ್ಟಾನೇ ಎತ್ತಿದ್ರೂ ಅವರು ನನ್ನ ಕೈಗೆ ಬರಲ್ಲ ಮೇಡಂ.”

“ಆವತ್ತು ಹೇಗೆ ಎತ್ತಿದೆ? ತೋರಿಸು.”

ಕಡ್ಡಿ ಎದ್ದು, ಬೆಂಚಿನ ಮೇಲಿದ್ದ ದೊಡ್ಡಕ್ಕನ ಕಂಕುಳಿಗೆ ಎರಡೂ ಕೈ ತೂರಿಸಿ ಎಳೆದಳು. ದೊಡ್ಡಕ್ಕ ಹೌಹಾರಿ ಅವಳನ್ನು ನೂಕಿದಳು.

“ಏ! ಹೇಳ್ದೆ ಕೇಳ್ದೆ ಎತ್ತೋದಾ? ‘ಹೂಂ’ ಅನ್ಬಾರ್ದಾ?”

ಆ ಮಧ್ಯಾಹ್ನ ಅತ್ತೆಗೆ ತಾನು ಒಂದು ಮಾತೂ ಹೇಳಿರಲಿಲ್ಲ ಎಂಬುದು ಕಡ್ಡಿಗೆ ನೆನಪಾಯಿತು. ಶಿಫ್ಟಿಗೆ ಹೊತ್ತಾಗಿತ್ತು, ಬಂದಳು, ಎತ್ತಿದಳು. ಹತ್ತೊಂಬತ್ತು ವರ್ಷವೂ ಅವಳು ಕೇಳಿದ್ದು ಎದುರಿನವಳನ್ನು. ಗಂಟನ್ನು ಯಾರು ಕೇಳುತ್ತಾರೆ?

“ಅವರನ್ನ ಗಂಟು ಅಂದ್ಕೊಂಡಿದ್ದೆ ಅಕ್ಕಾ,” ಎಂದಳು. ನಾಚಿಕೆಯಿಂದ ಅವಳ ತಲೆ ಮೇಲೇಳಲಿಲ್ಲ. ದೊಡ್ಡಕ್ಕ ನೂಕಿದ ಕೈಯಿಂದಲೇ ಅವಳ ಬೆನ್ನು ಸವರಿದಳು.

ಕೊನೆಯ ತಿಂಗಳು ಐವತ್ತೂ ಎದ್ದಿತು. ಗಂಡ ದೂರದ ರೂಟಿಗೆ ಹೊರಟ ಮರುದಿನವೇ ನಾದಿನಿ ಅಮ್ಮನನ್ನು ಕರೆದೊಯ್ಯಲು ಕಾರು ತಂದಳು. ಸೀರೆಗಳೆಲ್ಲ ಬ್ಯಾಗಿಗೆ ಸೇರಿದವು. ಜೊತೆಗಿರಲೆಂದು ದೊಡ್ಡಕ್ಕ ಬಂದಿದ್ದಳು. ಕಡ್ಡಿ ಹಾಸಿಗೆಯ ಪಕ್ಕ ಕೂತಳು.

“ಅತ್ತೆ, ಆವತ್ತು ನಿಮ್ಮನ್ನ ಕೇಳದೆ ಎತ್ತಿದೆ. ನನ್ನದೇ ತಪ್ಪು. ಇವತ್ತು ನೀವು ‘ಹೂಂ’ ಅನ್ನೋವರೆಗೂ ಎತ್ತಲ್ಲ. ಅನ್ನದಿದ್ರೆ ಬಿಟ್ಟುಬಿಡ್ತೀನಿ, ಬಲವಂತ ಇಲ್ಲ.”

ಅತ್ತೆಯನ್ನು ಮೆಲ್ಲಗೆ ಮಂಚದ ಅಂಚಿಗೆ ತಂದು, ಅವರ ಎಡಗೈಯನ್ನು ತನ್ನ ಕುತ್ತಿಗೆಗೆ ಹಾಕಿಕೊಂಡು, ಮಂಡಿ ಬಗ್ಗಿಸಿ, ಸೊಂಟ ಬಳಸಿ ಹಿಡಿದಳು.

“ಹೂಂ?”

ಅತ್ತೆಯ ಕಣ್ಣು ಮುಚ್ಚಿತ್ತು. ಮೈ ಬಿಗಿದಿತ್ತು. ಕಡ್ಡಿ ಹಾಗೇ ಬಗ್ಗಿ ನಿಂತಳು. ತೊಡೆ ನಡುಗಿತು, ಬೆವರು ಕಣ್ಣಿಗಿಳಿಯಿತು. ಎತ್ತುವುದಕ್ಕಿಂತ ಕಾಯುವುದೇ ಕಷ್ಟ ಎಂದು ಅವಳಿಗೆ ಆಗ ತಿಳಿಯಿತು. ಬಾಗಿಲಲ್ಲಿದ್ದ ದೊಡ್ಡಕ್ಕ ಅಭ್ಯಾಸಬಲದಿಂದ ಬಾಯಿ ತೆರೆದವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ಉತ್ತರ ಅವಳದಲ್ಲ. “ಸಾಕು ಬಿಡಿ ಅತ್ತಿಗೆ,” ಎಂದಳು ನಾದಿನಿ. ಕಡ್ಡಿ ಬಿಡಲಿಲ್ಲ, ಎತ್ತಲೂ ಇಲ್ಲ.

ಅತ್ತೆ ಕಣ್ಣು ತೆರೆದರು. ಸೊಸೆಯ ಮುಖವನ್ನು ಅಷ್ಟು ಹತ್ತಿರದಿಂದ ಅವರು ಎಂದೂ ನೋಡಿರಲಿಲ್ಲ. ಕುತ್ತಿಗೆಯ ಮೇಲಿನ ಕೈ ಬಿಗಿಯಾಯಿತು. ಒಂದು ಬದಿಗೆ ಸೊಟ್ಟಗಾದ ಬಾಯಿಂದ ಮಾತು ಬಂತು.

“ಹೂಂ.”

ಅತ್ತೆ ಎದ್ದರು. ಎರಡು ಹೆಜ್ಜೆ, ಒಂದು ತಿರುವು, ಕಿಟಕಿಯ ಪಕ್ಕದ ಕುರ್ಚಿ. ನಾದಿನಿ ಬ್ಯಾಗನ್ನು ನೆಲಕ್ಕಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅತ್ತೆ ಬಹಳ ಹೊತ್ತು ಬೀದಿ ನೋಡಿದರು. ಆಮೇಲೆ ಹುಬ್ಬು ಗಂಟಿಕ್ಕಿ, ಎಡಗೈಯಿಂದ ಕುರ್ಚಿಯ ಕಾಲು ತೋರಿಸಿದರು. ಕುರ್ಚಿ ಸೊಟ್ಟಗಿತ್ತು. ಕಡ್ಡಿ ನಗುತ್ತ, ಅಳುತ್ತ ಬಗ್ಗಿ ಕುರ್ಚಿಯ ಎರಡೂ ಬದಿ ಹಿಡಿದು, “ಹೂಂ?” ಎಂದಳು. ಈ ಸಲ ಕಾಯಬೇಕಾಗಲಿಲ್ಲ.