ಬಗ್ಗಿ ನಡೆದ ಏಣಿಯಕ್ಕ

ಹೋದ ತಿಂಗಳು ತೀರಿಕೊಂಡ ನಮ್ಮ ಏಣಿಯಕ್ಕ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವಳು, ಆಕಾಶಕ್ಕೆ ಎಲ್ಲಿ ತಲೆ ತಾಗೀತೋ ಎಂಬಂತೆ ಬಗ್ಗಿ ನಡೆಯುತ್ತಿದ್ದವಳು. ಅಟ್ಟದಂಥ ಮೇಲಿನ ಸಾಲಿನ ಪುಸ್ತಕವೂ ಅವಳ ಕೈಗೆ ಸಲೀಸಾಗಿ ಎಟುಕುತ್ತಿತ್ತು. ಆದರೆ ಯಾರಾದರೂ ನೋಡುತ್ತಿದ್ದರೆ ಸುಮ್ಮನೆ ಏಣಿ ತಂದು, ಒಂದು ಮೆಟ್ಟಿಲು ಹತ್ತಿ, ಅಲ್ಲಿಂದ ಕೆಳಕ್ಕೆ ಬಗ್ಗಿ ಪುಸ್ತಕ ತೆಗೆಯುತ್ತಿದ್ದಳು. ಹೆಣ್ಣು ಇಷ್ಟುದ್ದ ಬೆಳೆಯಬಾರದೆಂದು ಸೋದರತ್ತೆಯರು ಅವಳ ಕಿವಿಗೆ ತುಂಬಿದ್ದರು, ಆ ಕಿವಿ ಅವರಿಗೆ ಎಟುಕುವಷ್ಟು ಕಾಲ. ಗಡಿಯಾರ ರಿಪೇರಿ ಮಾಡುವ ಗಂಡ ಅವಳ ಭುಜಕ್ಕೆ ಬರುತ್ತಿದ್ದ. ಗಂಡಸು ಎತ್ತರವಿರಬೇಕೆಂದು ಕೇಳಿ ಬೆಳೆದ ಅವನು ಬೂಟಿನೊಳಗೆ ರಟ್ಟು ಮಡಚಿ ಇಡುತ್ತಿದ್ದ. ರಟ್ಟು ಸವೆದರೆ ಇವಳೇ ಗುಟ್ಟಾಗಿ ಹೊಸದು ತುರುಕುತ್ತಿದ್ದಳು. ಬೀದಿಯಲ್ಲಿ ಅವನನ್ನು ಫುಟ್‌ಪಾತಿನ ಮೇಲೆ ನಡೆಸಿ ತಾನು ಕೆಳಗೆ ರಸ್ತೆಯಲ್ಲಿ ನಡೆಯುವಳು. "ಗಾಡಿಗಳು ಬರ್ತಾವೆ, ಮೇಲೆ ಬಾರೇ" ಎಂದು ಅವನು ಕರೆದರೆ, "ನನ್ನಂಥೋಳು ಕಾಣದಿರೋ ಡ್ರೈವರ್‌ಗೆ ಲೈಸೆನ್ಸ್ ಯಾರ್ರೀ ಕೊಡ್ತಾರೆ" ಎನ್ನುವಳು. ಗ್ರೂಪ್ ಫೋಟೋ ಎಂದರೆ ಸಾಕು, "ನಂಗೆ ಕಾಲು ನೋವು ಕಣ್ರೇ" ಎಂದು ಎಲ್ಲರಿಗಿಂತ ಮೊದಲು ನೆಲದ ಮೇಲೆ ಕೂತುಬಿಡುವಳು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚವೂ ಅವಳಿಗೆ ಗಿಡ್ಡವಾಯಿತು. ಯಾರೂ ನಗದಿರಲಿ ಎಂದು ಮೊಣಕಾಲು ಮಡಚಿಕೊಂಡೇ ಮಲಗಿದ್ದಳು. ಗಂಡ ಗಡಿಯಾರದ ಪುಟ್ಟ ಸ್ಕ್ರೂಡ್ರೈವರಿನಲ್ಲಿ ಹೆಣಗಾಡಿ ಮಂಚದ ಕಾಲ್ಕಡೆಯ ಹಲಗೆ ಬಿಚ್ಚಿದ, ಸ್ಟೂಲ್ ಎಳೆದು ಕೂತು ತನ್ನ ತೊಡೆ ತಟ್ಟಿದ. "ಕಾಲು ನೀಡೇ. ಎಷ್ಟುದ್ದ ಇದ್ದೀಯೋ ಅಷ್ಟುದ್ದಕ್ಕೂ ಮಲಕ್ಕೋ." ಅವಳು ಒಮ್ಮೆ ಸುತ್ತ ನೋಡಿದಳು, ಆಮೇಲೆ ಮೆಲ್ಲಗೆ, ಪೂರ್ತಿಯಾಗಿ, ಅವನ ಮಡಿಲಿನವರೆಗೂ ಕಾಲು ಚಾಚಿದಳು.